ಆಳೆತ್ತರದ ಬೇಲಿ

ಪಕ್ಕದ ಮನೆಯ ಸಾವಕ್ಕನ ಕೋಳಿಗಳು ತನ್ನ ಕೋಳಿಗಳ ಜೋಳ ತಿನ್ನುತ್ತವೆಂದು ಮೈಲಾರಪ್ಪ ಸಿಟ್ಟಿಗೆದ್ದು ಹಿತ್ತಲಿಗೆ ಆಳೆತ್ತರ ಜಾಲಿಮುಳ್ಳಿನ ಬೇಲಿ ಬಿಗಿದ. ಹಗಲೆಲ್ಲ ಅವನು ರೈಲ್ವೆ ಕಾರ್ಖಾನೆಯಲ್ಲಿದ್ದಾಗ ಎರಡೂ ಮನೆಯ ಕೋಳಿ ಕಾಯುತ್ತಿದ್ದವಳು ಆ ಮುದುಕಿಯೇ ಎಂಬುದು ಆ ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ.

ಮೂರನೆಯ ದಿನ ಸಂಜೆ ಕೆಲಸ ಬಿಟ್ಟು ಬಂದರೆ ಹಿತ್ತಲ ತುಂಬ ಬರೀ ಪುಕ್ಕ. ಬೇಲಿಯ ಬುಡದಲ್ಲಿ ಮುಂಗುಸಿ ನುಸುಳಿತ್ತು. ಸಾವಕ್ಕ ಅವನ ಬಾಗಿಲಲ್ಲೇ ಕಾದು ನಿಂತಿದ್ದಳು.

"ಕೋಳಿ ಚೀರೂದು ಕೇಳಿ ಕೋಲು ಹಿಡದು ಓಡಿ ಬಂದ್ನೋ ತಮ್ಮಾ. ಮನಿಗೆ ಕೀಲಿ, ಹಿತ್ತಲಕ ಮುಳ್ಳು. ಎಲ್ಲಿಂದ ಒಳಗ ಬರ್ಲಿ?"

ಅವಳ ಎರಡೂ ಕೈ ರಕ್ತವಾಗಿದ್ದವು. ಮೈಲಾರಪ್ಪ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ತಾನೇ ಕಡಿದು ತಂದಿದ್ದ ಮುಳ್ಳುಗಳನ್ನು ಅವಳ ಕೈಗಳಿಂದ ಒಂದೊಂದಾಗಿ ಕೀಳತೊಡಗಿದ.