ಎರಡು ಎಡತೋಳು

ಬೆಳಿಗ್ಗೆ ಹತ್ತೂವರೆ. ಮಾಸ್ಟರ್ ಒಂದೇ ಉಣ್ಣೆ ಕೋಟಿಗೆ ಎರಡು ಎಡತೋಳು ಕತ್ತರಿಸಿದ್ದರು. ಅದು ಮೊದಲು ಗೊತ್ತಾದದ್ದು ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿಗೆ. ಆ ಟೈಲರ್ ಅಂಗಡಿಯಲ್ಲಿ ಅಳತೆ, ಕತ್ತರಿ ಗಂಡನದು, ಹೊಲಿಗೆ ಹೆಂಡತಿಯದು.

"ಏನ್ರೀ ಇದು, ಗಿರಾಕಿಗೆ ಇರೋ ಎರಡೂ ಎಡಗೈಯೇನ್ರೀ?"

ಮಾಸ್ಟರ್ ನಕ್ಕರು. ಆಕೆ ನಗಲಿಲ್ಲ. ಬಟ್ಟೆಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಎಡ, ಬಲ ತಾವಾಗಿಯೇ ಬರುತ್ತವೆ. ಕೆಲಸ ಕಲಿಯಲು ಬಂದವರಿಗೆಲ್ಲ ಮಾಸ್ಟರೇ ಹೇಳಿಕೊಟ್ಟ ಮೊದಲ ಪಾಠ ಅದು. ಈಗ ದಪ್ಪ ಉಣ್ಣೆಯ ಎರಡು ಪದರಕ್ಕೆ ಕತ್ತರಿ ಒತ್ತುವ ಬಲ ಅವರ ಕೈಯಲ್ಲಿರಲಿಲ್ಲ. ಒಂದೊಂದೇ ಕತ್ತರಿಸಿದ್ದರು, ಎರಡನೆಯದಕ್ಕೆ ಕಾಗದದ ಪ್ಯಾಟರ್ನ್ ಮಗುಚಿಡುವುದನ್ನು ಮರೆತಿದ್ದರು.

"ನಿನ್ನ ಮಾತು ಕೇಳಿ ನಿನ್ನೆಯಿಂದ ಮುಟ್ಟಿಲ್ಲ. ಅದಕ್ಕೇ ಇದು. ನೋಡಿಲ್ಲಿ, ಕೈ ಹೇಗೆ ಕುಣೀತಿದೆ. ಒಂದು ಗುಟುಕು ಬಿದ್ರೆ ನೆಟ್ಟಗಾಗುತ್ತೆ."

ಫ್ಯಾನಿನ ಕೆಳಗೇ ನಿಂತಿದ್ದರೂ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಆಕೆ ಟೇಪು ತೆಗೆದುಕೊಂಡು ಎದ್ದಳು.

"ಕೈ ಎತ್ತಿ."

"ಯಾಕೆ, ನನಗೂ ಕೋಟಾ?"

"ಹೂಂ, ಮದುಮಗ ಅಲ್ವಾ ನೀವು. ಅಲ್ಲಾಡಬೇಡಿ." ಹೊಟ್ಟೆ ಅಳೆದಳು, ತೋಳು ಅಳೆದಳು. "ಹೊಟ್ಟೆ ನಲವತ್ತೊಂದು. ಮೂವತ್ತಾರಿತ್ತು. ತೋಳು ಹನ್ನೆರಡಿತ್ತು, ಈಗ ಹತ್ತೂ ಇಲ್ಲ."

"ವಯಸ್ಸಾಯ್ತು ಕಣೇ, ಬೊಜ್ಜು ಬಂತು."

"ಬೊಜ್ಜು ಬಂದೋರಿಗೆ ತೋಳು ಕರಗುತ್ತೇನ್ರೀ? ದಿನಾ ಹತ್ತು ಜನರನ್ನ ಅಳೀತೀರಿ, ನಿಮಗೆ ಗೊತ್ತಿಲ್ವಾ? ನಿಮ್ಮ ಪ್ಯಾಂಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಕೊಟ್ಟೆ. ಇನ್ನು ಬಿಚ್ಚೋಕೆ ಒಳಗೆ ಬಟ್ಟೆ ಇಲ್ಲ. ಡಾಕ್ಟರ ಹತ್ರ ಹೋಗೋಣ, ಈಗಲೇ."

ಮಾಸ್ಟರ್ ಗಿರಾಕಿಗಳ ಕನ್ನಡಿಯತ್ತ ತಿರುಗಿದರು. ಕಣ್ಣಿನ ಹಳದಿಯನ್ನು ಇಷ್ಟು ದಿನ ಟ್ಯೂಬ್‌ಲೈಟಿನ ತಲೆಗೆ ಕಟ್ಟಿದ್ದರು. ಈಗ ಬಾಗಿಲಿನಿಂದ ಬಿಸಿಲು ನೇರವಾಗಿ ಮುಖಕ್ಕೇ ಬೀಳುತ್ತಿತ್ತು, ಹಳದಿ ಹಾಗೇ ಇತ್ತು. ಅವರು ಚಪ್ಪಲಿ ಹುಡುಕಿದರು. ಆಕೆ ಶಟರ್ ಎಳೆದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಕುಡಿಯೋದು ಎಷ್ಟು?"

"ಹೀಗೇ ಮೇಡಂ… ಯಾವಾಗಲಾದ್ರೂ."

ಹೇಳಿ ಹೆಂಡತಿಯ ಮುಖ ನೋಡಿದರು. ತಿಂಗಳುಗಟ್ಟಲೆ ಅವರ ಸೊಟ್ಟ ಚಾಕ್ ಗೆರೆಗಳನ್ನು ಸದ್ದಿಲ್ಲದೆ ತಿದ್ದಿ ನೆಟ್ಟಗೆ ಹೊಲಿದವಳು ಆಕೆ. ಗಿರಾಕಿಗಳು ಬಂದು ಕೇಳಿದಾಗ ಮಾಸ್ಟರಿಗೆ ಜ್ವರ ಎಂದವಳೂ ಆಕೆಯೇ. ಈಗ ಆಕೆ ಕಿಟಕಿಯ ಆಚೆ ನೋಡುತ್ತಿದ್ದಳು. ಡಾಕ್ಟರಮ್ಮ ಪೆನ್ನು ಹಿಡಿದು ಕಾದರು.

"ದಿನಾ ಮೇಡಂ," ಎಂದರು ಮಾಸ್ಟರ್. "ಎದ್ದ ತಕ್ಷಣ ಬೇಕು. ಇಲ್ಲದಿದ್ರೆ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ. ಕತ್ತರಿ ಇಡೋ ಡ್ರಾಯರಲ್ಲೇ ಬಾಟಲಿ ಇದೆ. ನಿನ್ನೆ ಬೆಳಿಗ್ಗೆಯಿಂದ ಮುಟ್ಟಿಲ್ಲ."

ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಿದಳು. ಡ್ರಾಯರಿನ ವಿಷಯ ಆಕೆಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಒತ್ತಿ, ಬೆರಳಿನಿಂದ ತಟ್ಟಿ ನೋಡಿದರು. "ನೀರು ತುಂಬಿರೋ ಹಾಗಿದೆ. ಲಿವರ್ ಪರೀಕ್ಷೆ ಮಾಡಿಸಬೇಕು. ಇಷ್ಟು ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಹಾಗಂತ ಕುಡೀರಿ ಅಂತಲ್ಲ. ಇಲ್ಲೇ ಇದ್ದು, ಔಷಧಿ ತಗೊಂಡು ನಿಲ್ಲಿಸಬೇಕು. ಇವತ್ತೇ ಅಡ್ಮಿಟ್ ಆಗಿ."

"ಕೈ ಮೊದಲಿನ ಹಾಗಾಗುತ್ತಾ?"

"ನಡುಕ ಇಳಿಯುತ್ತೆ. ಲಿವರ್ ಬಗ್ಗೆ ಈಗಲೇ ಮಾತು ಕೊಡಲ್ಲ."

ಮಧ್ಯಾಹ್ನ ಅವರನ್ನು ವಾರ್ಡಿಗೆ ಸೇರಿಸಿದರು. ಮರುದಿನ ಹೆಂಡತಿ ಅಂಗಡಿ ತೆರೆದು, ಡ್ರಾಯರಿನ ಬಾಟಲಿಯನ್ನು ಮೋರಿಗೆ ಸುರಿದಳು. ಉಳಿದ ಉಣ್ಣೆ ಬಟ್ಟೆ ಒಂದು ತೋಳಿಗೆ ಸಾಕಾಗುವಷ್ಟಿತ್ತು. ಪ್ಯಾಟರ್ನ್ ಮಗುಚಿಟ್ಟು ತಾನೇ ಬಲತೋಳು ಕತ್ತರಿಸಿದಳು. ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ.