ಹಡಗಲಿಗೆ ಹೋಗಿ ಬರ್ತೀನಿ

"ಒಂದೀಟು ತಾಳ್ರಿ, ನಾನಿನ್ನೂ ಕೆಳಗಿನ ಸಾಲಿಗೆ ಬಂದಿಲ್ಲ."

ಪುಟ ತಿರುವಲು ಹೊರಟಿದ್ದ ಕೀರ್ತನಾಳ ಬೆರಳು ಅಲ್ಲೇ ನಿಂತಿತು. ಅವಳ ಪುಸ್ತಕಕ್ಕೆ ಇಣುಕುತ್ತಿದ್ದ ಪಕ್ಕದ ಸೀಟಿನವನು, ತಾನು ಬಾಯಿಬಿಟ್ಟೇ ಹೇಳಿಬಿಟ್ಟೆನೆಂದು ಆಮೇಲೆ ಹೊಳೆದು, ನಾಚಿ, ಮುಖವನ್ನು ಕಿಟಕಿಯತ್ತ ತಿರುಗಿಸಿದ. ಕಿಟಕಿ ಇದ್ದದ್ದು ಅವಳ ಮಗ್ಗುಲಲ್ಲಿ. ಹಾಗಾಗಿ ಅವನು ನೋಡಿದ್ದು ಅವಳನ್ನೇ.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸದು. ಕೀರ್ತನಾ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವನು ಬೀರಲಿಂಗೇಶ್, ಅದೇ ಊರಿನ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವಳ ಕೈಯಲ್ಲಿದ್ದದ್ದು ಮುಂಬಯಿಯ ಪ್ರೇಮಕಥೆ: ಎತ್ತರದ ಕಟ್ಟಡವೊಂದರಲ್ಲಿ ಬಾಡಿಗೆಗಿರುವ ಹುಡುಗಿ, ಲಿಫ್ಟ್ ಕೆಟ್ಟಾಗಲೆಲ್ಲ ಮೆಟ್ಟಿಲಲ್ಲಿ ಎದುರಾಗಿ ಜಗಳ ತೆಗೆಯುವ ಹುಡುಗ.

ಅಂದಿನಿಂದ ಇಬ್ಬರೂ ಸೇರಿಯೇ ಓದಿದರು. ಅವಳು ಬೇಗ ಓದಿ ಕಾಯುತ್ತಿದ್ದಳು, ಅವನು ಮುಗಿಸಿ "ಹ್ಞೂಂ" ಅನ್ನುತ್ತಿದ್ದ. ಹುಡುಗ ಹುಡುಗಿಯ ಕೈ ಹಿಡಿಯುವ ಪುಟ ಬಂದಾಗ ಇಬ್ಬರೂ ಕೆಮ್ಮಿದರು.

"ಲಿಫ್ಟ್ ಇಷ್ಟು ಸಲ ಕೆಡಂಗಿಲ್ರಿ," ಅಂದ ಅವನೊಮ್ಮೆ. "ಈ ಹುಡುಗನೇ ಫ್ಯೂಸ್ ತಗಿತಾನ."

ಅವಳು ನಕ್ಕ ನಗೆಗೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಕಥೆ ಇನ್ನೇನು ಮುಗಿಯಬೇಕು, ಒಂದು ದಿನ ಅವನು ಪುಸ್ತಕದತ್ತ ಕಣ್ಣು ಹಾಯಿಸಲಿಲ್ಲ. ಬಸ್ಸು ಹರಪನಹಳ್ಳಿ ಹತ್ತಿರ ಬಂದಾಗ ಹೇಳಿದ:

"ನಾಳಿಂದ ನನಗ ಹಡಗಲಿ ಊರಾಗ ಡ್ಯೂಟಿರಿ. ವರ್ಗ ಆತು."

"ಹೌದಾ?" ಅಂದಳು. ಫೋನ್ ನಂಬರು ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಇಳಿದ ಜನರ ನಡುವೆ ಅವನ ಬೆನ್ನಿನ ಚೀಲ ಸ್ವಲ್ಪ ಹೊತ್ತು ಕಂಡು ಮರೆಯಾಯಿತು.

ಮರುದಿನ ಆ ಸೀಟಿನಲ್ಲಿ ದಪ್ಪ ಮೀಸೆಯವನೊಬ್ಬ ಕುಳಿತು ನಿದ್ದೆ ಹೋದ. ಕೀರ್ತನಾ ಪುಟದ ಕೊನೆಯ ಸಾಲಿಗೆ ಬಂದು, ತಿರುವದೆ ಹಾಗೇ ಕಾದಳು. ಯಾರೂ "ಹ್ಞೂಂ" ಅನ್ನಲಿಲ್ಲ. ಪುಸ್ತಕ ಮಡಿಚಿ ಚೀಲಕ್ಕೆ ಹಾಕಿದಳು. ಮತ್ತೆ ಹೊರಗೆ ತೆಗೆಯಲಿಲ್ಲ.

ಆ ವಾರವೇ ಅವ್ವ ತಿಪ್ಪೇರುದ್ರಮ್ಮ ಹಿಟ್ಟು ನಾದುತ್ತಾ ಹೇಳಿದಳು, "ಐತ್ವಾರ ಗಂಡಿನ ಕಡ್ಯಾರು ಬರ್ತಾರ. ದಾವಣಗೆರಿಯಾಗ ಸ್ವಂತ ಮನಿ ಐತಂತ. ರಜಾ ಐತಲ್ಲ ನಿನಗ?"

"ಬರಬ್ಯಾಡ್ರಿ ಅಂತ ಹೇಳವ್ವ ಅವರಿಗೆ."

"ಯಾಕ?"

"ಐತ್ವಾರ ನಾನು ಹಡಗಲಿಗೆ ಹೋಗಿ ಬರ್ತೀನಿ."

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ಹಡಗಲ್ಯಾಗ ಯಾರದಾರ?"

"ಅದನ್ನ ನೋಡಾಕ ಹೊಂಟೀನಿ," ಅಂದಳು ಕೀರ್ತನಾ. ಅವ್ವ ಹಿಟ್ಟಿಗೆ ಎರಡು ಗುದ್ದು ಹಾಕಿದಳು. "ಬುತ್ತಿ ಕಟ್ಟಿಕೊಂಡು ಹೋಗು," ಅಂದಳು ಕೊನೆಗೆ, ಸಿಟ್ಟಿನಲ್ಲೇ.

ಹಡಗಲಿಯಲ್ಲಿ ಇಳಿದು, ಕರೆಂಟ್ ಆಫೀಸಿನಲ್ಲಿ ಬೀರಲಿಂಗೇಶನನ್ನು ವಿಚಾರಿಸಿದಳು. "ಹೊಸಬನಾ? ಹಿಂದಿನ ಓಣ್ಯಾಗ ಕಂಬ ಹತ್ಯಾನ ನೋಡ್ರಿ," ಅಂದರು.

ಓಣಿಯಲ್ಲಿ ಕರೆಂಟು ಹೋಗಿತ್ತು. ಫ್ಯಾನು ನಿಂತ ಮನೆಗಳಿಂದ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಹೊರಗೆ ಬಂದಿದ್ದರು. ಕೀರ್ತನಾ ಕಂಬದ ಕೆಳಗೆ ಹೋಗಿ, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟು ಕತ್ತೆತ್ತಿದಳು.

ಮೇಲಿನವನು ಕೆಳಗೆ ನೋಡಿದ. ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು.

"ನೀವಾ?"

"ಮೊದಲ ಕೆಲಸ ಮುಗಸ್ರಿ," ಅಂದಳು. "ನಿಂತಿರ್ತೀನಿ."

ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಮನಿಗೆ ಬಂದೀಯವ್ವ?"

ಕೀರ್ತನಾ ಮತ್ತೆ ಕಂಬದತ್ತ ಕತ್ತೆತ್ತಿದಳು, ಮುದುಕಿಯೂ ಅತ್ತ ನೋಡಿದಳು. ಮತ್ತೇನೂ ಕೇಳದೆ, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮೇಲೆ ತಂತಿ ಸುತ್ತುವ ಕೈ ಎರಡು ಸಲ ತಪ್ಪಿತು. ಓಣಿಗೆ ಓಣಿಯೇ ಕತ್ತೆತ್ತಿ, ಅವನು ಇಳಿಯುವುದನ್ನೇ ಕಾಯುತ್ತಿತ್ತು.