ಪುಟ್ಟಲಿಂಗಯ್ಯನ ಕಂಬಳಿ

ಬಟ್ಟೆ ಒಣಹಾಕುವ ತಂತಿ ಇಷ್ಟು ಉದ್ದವಿತ್ತೇ, ಅತ್ತೆಯ ಒಂದು ಸೀರೆ, ತನ್ನದೊಂದು ನೈಟಿ, ಆಮೇಲೆ ಗೋಡೆಯವರೆಗೂ ಬರೀ ತಂತಿ, ಸಿರಿ ಹಿತ್ತಿಲ ಬಾಗಿಲಲ್ಲಿ ನಿಂತೇ ಇದ್ದಳು — ನಿನ್ನೆ ಗಂಡನ ತಿಥಿ ಮುಗಿಯಿತು, ಕುದೂರಿನ ನೆಂಟರು ಸಂಜೆ ಬಸ್ಸಿಗೇ ಹೊರಟರು, ಇವತ್ತು ಹಾಲಿನವನು ಎಂದಿನಂತೆ ಬಂದು ಹೋದ. ಬೈರೇಶನ ಅಂಗಿ, ತಲೆದಿಂಬು, ಹಾರೋಹಳ್ಳಿ ಫ್ಯಾಕ್ಟರಿಯ ನೀಲಿ ಯೂನಿಫಾರ್ಮು, ಎಲ್ಲ ಮಣ್ಣು ಮಾಡಿದ ದಿನವೇ ಸ್ಮಶಾನದ ಬೇಲಿ ಸೇರಿದವು, ಸತ್ತವರ ಬಟ್ಟೆ ಮನೆಯಲ್ಲಿರಬಾರದಂತೆ, ಯಾರೋ ಗಂಟು ಕಟ್ಟುತ್ತಿದ್ದರು, ಕಂಬಳಿಗೂ ಕೈ ಹಾಕಿದರು, ಅತ್ತೆ ಭದ್ರಮ್ಮ ತಡೆದರು, ಅದ ಮುಟ್ಬ್ಯಾಡಿ, ನಮ್ದಲ್ಲ, ಕೂಟಗಲ್ ಪುಟ್ಟಲಿಂಗಯ್ಯನ್ದು. ಬೇರೆಯವರದಾದ್ದರಿಂದ ಉಳಿಯಿತು. ಅವನ ಮೈವಾಸನೆ ಇರುವುದು ಅದೊಂದರಲ್ಲೇ, ಅದೂ ಅವನದಲ್ಲ.

ಡ್ರಿಪ್ ಹಾಕುವ ವಾರ್ಡಿನಲ್ಲಿ ಏಸಿ ಜೋರು ಎಂದು ಬೈರೇಶನೇ ಕುರಿ ಕಾಯುವ ಪುಟ್ಟಲಿಂಗಯ್ಯನಲ್ಲಿಗೆ ಹೋಗಿ ಕಂಬಳಿ ಇಸಕೊಂಡು ಬಂದಿದ್ದ, ಆಗಿನ್ನೂ ನಡೆಯುತ್ತಿದ್ದ, ದೊಡ್ಡಕರುಳಿನ ಕ್ಯಾನ್ಸರ್ ಎಂದಾಗಲೂ ನಡೆದೇ ಬಸ್ ಸ್ಟ್ಯಾಂಡಿಗೆ ಬಂದ. ಬಯೋಕೆಮಿಸ್ಟ್ರಿ ಓದಿದವಳು ಅವಳು, ಬಿಡಿಸಿ ಹೇಳಿದಳು, ಗಡ್ಡೆಯ ಕೋಶ ಮೈಮೇಲೆ ಪಿಡಿ-ಎಲ್1 ಅನ್ನುವ ಪ್ರೋಟೀನ್ ಇಟ್ಟುಕೊಂಡಿರುತ್ತದೆ, ಕಾಯುವ ಕೋಶ ಬಂದು ಅದನ್ನು ಮುಟ್ಟಿ ಸುಮ್ಮನಾಗಿಬಿಡುತ್ತದೆ, ಅವನು ನಕ್ಕ, ಹಂಗಾರೆ ತೋಳ ನಮ್ ಕುರಿ ಗುರುತು ಬಳ್ಕೊಂಡೈತೆ ಅನ್ನು, ನಾಯಿ ಬಾಲ ಆಡ್ಸ್ಕೊಂಡು ಕೂತೈತೆ. ರಿಪೋರ್ಟಿನಲ್ಲಿ ಆ ಪ್ರೋಟೀನ್ ಗಡ್ಡೆಯ ಕೋಶಗಳಲ್ಲಿ ಕಮ್ಮಿ, ಸುತ್ತ ನೆರೆದ ಕಾಯುವ ಕೋಶಗಳಲ್ಲಿ ಜಾಸ್ತಿ, ಅಂಥವರು ಹೆಚ್ಚು ದಿನ ಬದುಕುತ್ತಾರೆ ಎಂದವು ಕೆಲವು ಲೇಖನ, ಹಾಗೇನಿಲ್ಲ ಎಂದವು ಕೆಲವು, ಅವಳು ಮೊದಲಿನವನ್ನೇ ಮತ್ತೆ ಮತ್ತೆ ಓದಿದಳು, ಮೊಬೈಲಿನಲ್ಲಿ ಎಷ್ಟು ದಿನಕ್ಕೆ ಎಷ್ಟು ಜನ ಉಳಿದರು ಎಂಬ ಗ್ರಾಫು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಎರಡು ಗೆರೆ, ಮೇಲಿನದು ನಮ್ಮದು ಎಂದು ತೋರಿಸಿದಳು, ಅವನು ಅದರ ಮೇಲೆ ಬೆರಳೆಳೆದು, ಇದೂ ಇಳೀತೈತಲ್ಲ ಸಿರಿ ಎಂದ, ನಿಧಾನಕ್ಕೆ ಎಂದಳು ಅವಳು — ಒಂದೊಂದು ಮೆಟ್ಟಿಲೂ ಒಬ್ಬ ಮನುಷ್ಯ, ಗೊತ್ತಿತ್ತು, ಗೊತ್ತಿರಲಿಲ್ಲ. ಕಂಬಳಿಯನ್ನು ತಲೆಯಿಂದ ಕೊಪ್ಪೆ ಹಾಕಿಕೊಂಡು ಡ್ರಿಪ್ ಸ್ಟ್ಯಾಂಡ್ ತಳ್ಳುತ್ತ ಕಾರಿಡಾರಿನಲ್ಲಿ ಹೋಗುತ್ತಾನೆ, ಹಿಂದಿನಿಂದ ಬರೀ ಕೊಪ್ಪೆ, ಕೆಳಗೆ ಎರಡು ಹಿಮ್ಮಡಿ, ಯಾರಪ್ಪ ಇದು ಕುರಿ ಕಾಯೋರು ಎಂದು ನರ್ಸ್ ರೇಗಿಸಿದರೆ ತಿರುಗಿ ಇವಳಿಗೆ ಕಣ್ಣು ಹೊಡೆಯುತ್ತಾನೆ.

ಕಂಬ್ಳೀನ ಒಸಿ ಸೋಪ್ ಹಾಕಿ ನೆನೆಸ್ಬುಟ್ಟು ಕೊಟ್ಬಾ ಕಣವ್ವ, ಸತ್ತೋರ್ ಮೈಮ್ಯಾಲಿದ್ದುದ್ದು, ಎಂದರು ಅತ್ತೆ. ಬಕೆಟ್ಟಿಗೆ ಹಾಕಿದಳು, ನಲ್ಲಿ ತಿರುಗಿಸಲಿಲ್ಲ, ತೆಗೆದು ಮಡಚಿದಳು, ಕೂಟಗಲ್ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮೂಗನ್ನು ಅದರ ಹತ್ತಿರ ಒಯ್ಯದೆ ಕೂತಳು, ಇರುವ ವಾಸನೆ ಖರ್ಚಾಗಿಬಿಟ್ಟರೆ. ಬೇಡ, ನೀನೇ ಇಟ್ಕೊ ಎಂದು ಪುಟ್ಟಲಿಂಗಯ್ಯ ಅಂದುಬಿಟ್ಟರೆ ಇದು ತನ್ನದು, ಆದರೆ ಬೇಡ ಎಂದರೆ ಬೈರೇಶ ಹೊದ್ದದ್ದು ಮೈಲಿಗೆ ಎಂದ ಹಾಗೆ, ಆ ಮಾತು ಕೇಳಲಾರಳು, ತೆಗೆದುಕೊಂಡರೆ ಆ ಮಾತಿಲ್ಲ, ಈ ಕಂಬಳಿಯೂ ಇಲ್ಲ, ಯಾವುದು ಬೇಕು, ಎರಡೂ ಬೇಕು, ಎರಡೂ ಬೇಡ, ಕಂಡಕ್ಟರ್ ಸ್ಟಾಪ್ ಬಂತು ಎನ್ನುತ್ತಿದ್ದಾನೆ, ಇಳಿದಳು.

ಮುದುಕ ಪುಟ್ಟಲಿಂಗಯ್ಯ ಕುರಿ ಹೊಡೆದುಕೊಂಡು ಹೊರಟಿದ್ದ, ಬಾ ಮಗ ಎಂದ. ಒಗೆದಿಲ್ಲ ತಾತ ಎಂದಳು, ಅಷ್ಟೇ ಬಂತು ಬಾಯಿಗೆ. ಅವನು ಕಂಬಳಿಯನ್ನೂ ಅವಳನ್ನೂ ನೋಡಿದ. ಯಾಕವ್ವ ಒಗೀತೀಯ, ನಮ್ ಹುಡ್ಗ ಹೊದ್ದಿದ್ದಲ್ವಾ. ಬೇಡ ಎನ್ನಲಿಲ್ಲ, ಇಟ್ಟುಕೋ ಎನ್ನಲೂ ಇಲ್ಲ, ಅಲ್ಲೇ ಬಿಡಿಸಿ, ಕೊಡವದೆ, ತಲೆಯ ಮೇಲೆ ಹಾಕಿಕೊಂಡು ಕುರಿಗಳ ಹಿಂದೆ ನಡೆದ, ಎಷ್ಟು ಸಲೀಸಾಗಿ, ಬಂಡೆಯ ಇಳಿಜಾರಿನಲ್ಲಿ ಬರೀ ಕೊಪ್ಪೆ, ಕೆಳಗೆ ಎರಡು ಹಿಮ್ಮಡಿ, ಈಗ ತಿರುಗಿ ಕಣ್ಣು ಹೊಡೆಯುತ್ತದೆ, ಆ ತಿರುವಿನಲ್ಲಿ, ಈಗ — ಕೊಪ್ಪೆ, ಎರಡು ಹಿಮ್ಮಡಿ, ಕೊಪ್ಪೆ